ಸರ್ಕಾರಿ ಆಸ್ಪತ್ರೆಗೆ ಹೊಸದಾಗಿ ಇನ್‌ಚಾರ್ಜ್ ಆದಿರಾ? ಡ್ಯೂಟಿ ಚಾರ್ಟ್‌ನಿಂದ ಶುರು ಮಾಡಿ

ಹೊಸನಗರ, ಸೊರಬ, ತೀರ್ಥಹಳ್ಳಿ ಕಡೆಯ ಒಂದು ಆಸ್ಪತ್ರೆಗೆ ಆಡಳಿತ ವೈದ್ಯಾಧಿಕಾರಿಯಾಗಿ ಬಂದಿದ್ದೀರಿ ಅಂದುಕೊಳ್ಳಿ. ಸಂಬಳ ಜಾಸ್ತಿ ಮಾಡೋದು ನಿಮ್ಮ ಕೈಲಿಲ್ಲ. ಖಾಲಿ ಹುದ್ದೆ ತುಂಬೋದೂ ಇಲ್ಲ, ವರ್ಗಾವಣೆಯಂತೂ ಕೇಳಲೇಬೇಡಿ. ಆದರೂ ಸಿಬ್ಬಂದಿ ಮನಸ್ಸಿಟ್ಟು ಕೆಲಸ ಮಾಡುವಂತೆ ಮಾಡಲು ನಿಮ್ಮ ಕೈಲಿರೋದು ಕಡಿಮೆಯೇನಲ್ಲ.

ಮೊದಲಿಗೆ, 'ನಮ್ಮಲ್ಲಿ ಯಾರೂ ಕೆಲಸ ಬಿಟ್ಟು ಹೋಗಲ್ಲ' ಅಂತ ಸಮಾಧಾನ ಪಡಬೇಡಿ. ಮೇಯರ್ ಮತ್ತು ಆಲೆನ್ ಎಂಬ ಸಂಶೋಧಕರು 1991ರಲ್ಲೇ ನೌಕರರ ಬದ್ಧತೆಯನ್ನು ಮೂರು ಬಗೆಯಾಗಿ ಬಿಡಿಸಿ ಹೇಳಿದ್ದಾರೆ. ಇಷ್ಟಪಟ್ಟು ಇರುವವರು, ಬಿಟ್ಟರೆ ನಷ್ಟ ಅಂತ ಇರುವವರು, ಬಿಡೋದು ಸರಿಯಲ್ಲ ಅಂತ ಇರುವವರು. ಸರ್ಕಾರಿ ನೌಕರಿಯಲ್ಲಿ ಎರಡನೇ ಬಗೆಯವರು ಸಹಜವಾಗೇ ಇರ್ತಾರೆ. ಅವರು ಹಾಜರಿ ಹಾಕ್ತಾರೆ, ಹೇಳಿದ್ದಷ್ಟು ಮಾಡ್ತಾರೆ, ಅಷ್ಟೇ. ಅವರಲ್ಲಿ ಕೆಲವರನ್ನಾದರೂ ಮೊದಲ ಬಗೆಗೆ ತರುವುದು ನಿಮ್ಮ ಕೆಲಸ.

ಡ್ಯೂಟಿ ಚಾರ್ಟನ್ನು ತಿಂಗಳು ಶುರುವಾಗುವ ಮೊದಲೇ ಗೋಡೆಗೆ ಅಂಟಿಸಿ. ಹಿಂದಿನ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಬದಲಾಯಿಸುವ ಚಾಳಿ ಇದ್ದರೆ ನಿಲ್ಲಿಸಿ. ಆಮೇಲೆ ಹಳೇ ಚಾರ್ಟ್‌ಗಳನ್ನು ತೆಗೆದು ನೈಟ್ ಡ್ಯೂಟಿ ಯಾರ ಹೆಸರಿಗೆ ಎಷ್ಟು ಬಿದ್ದಿದೆ ಅಂತ ಎಣಿಸಿ ನೋಡಿ, ಗುತ್ತಿಗೆ ನರ್ಸ್‌ಗಳ ಹೆಸರೇ ಮತ್ತೆ ಮತ್ತೆ ಬಂದರೆ ನಿಮ್ಮ ಆಸ್ಪತ್ರೆಯ ಅರ್ಧ ಜಗಳದ ಮೂಲ ಅಲ್ಲೇ ಸಿಗುತ್ತದೆ. ಮಧ್ಯಾಹ್ನದ ಶಿಫ್ಟ್ ಮುಗಿಯುವ ಹೊತ್ತಿಗೆ ಹಳ್ಳಿ ಕಡೆಯ ಕೊನೇ ಬಸ್ ಹೋಗಿರುತ್ತದಾ ಕೇಳಿ. ಆಗುಂಬೆ ಕಡೆಯ ಮಳೆಗಾಲದಲ್ಲಿ, ಮರ ಬಿದ್ದು ರಸ್ತೆ ಬಂದ್ ಆದ ದಿನ ತಡವಾಗಿ ಬಂದವರಿಗೆ ಮೆಮೋ ಕೊಡೋದು ಶಿಸ್ತಲ್ಲ, ಹಟ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಎಲ್ಲರಿಗೂ ರಜೆ ಬೇಕು. ಹೋದ ಜಾತ್ರೆಯಲ್ಲಿ ಡ್ಯೂಟಿ ಮಾಡಿದವರಿಗೆ ಈ ಸಲ ಮೊದಲು ಕೊಡಿ, ಕಾರಣವನ್ನೂ ಎಲ್ಲರ ಮುಂದೆ ಹೇಳಿ.

ಗುತ್ತಿಗೆ, ಹೊರಗುತ್ತಿಗೆಯವರ ಸಂಬಳ ತಡವಾದರೆ 'ಅದು ಏಜೆನ್ಸಿ ವಿಷಯ' ಎಂದು ಕೈ ತೊಳೆದುಕೊಳ್ಳಬೇಡಿ. ಹಾಜರಾತಿ ನಿಮ್ಮ ಸಹಿಯಿಂದಲೇ ಹೋಗಬೇಕಲ್ವಾ? ಸಹಿ ಮಾಡಿ ಕಳಿಸಿ, ಫೋನ್ ಮಾಡಿ, ಬಿಲ್ ಎಲ್ಲಿ ನಿಂತಿದೆ ಅಂತ ಸಿಬ್ಬಂದಿಗೆ ತಿಳಿಸಿ. ಪಿಎಫ್ ಕಟ್ಟಿದ್ದಾರಾ ಎಂದೂ ಏಜೆನ್ಸಿಯವರನ್ನು ಕೇಳಿ. ಸಂಬಳ ನೀವು ಕೊಡಲ್ಲ ಅಂತ ಅವರಿಗೂ ಗೊತ್ತು, ಆದರೆ ತಮ್ಮ ಪರವಾಗಿ ಯಾರಾದರೂ ಕೇಳಿದರಾ ಅನ್ನೋದನ್ನು ಅವರು ಮರೆಯಲ್ಲ.

ಮಂಗನ ಕಾಯಿಲೆ ನಮ್ಮ ಕಡೆಯದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಚಳಿಗಾಲದಿಂದ ಬೇಸಿಗೆವರೆಗೆ ಕಾಡಂಚಿನ ಮನೆಗಳಿಗೆ ಹೋಗುವವರು ಆಶಾ ಕಾರ್ಯಕರ್ತೆಯರು. ಈ ಕಾಯಿಲೆ ಹರಡುವ ಉಣುಗು ಅವರಿಗೂ ಕಚ್ಚುತ್ತದೆ. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಜನರಿಗೆ ಹಂಚಲು ಬಂದಾಗ ಮೊದಲ ಬಾಟಲಿ ಅವರಿಗೇ ಕೊಡಿ, ಅವರಿಗೆ ಜ್ವರ ಬಂದರೆ ರಕ್ತದ ಮಾದರಿ ಅದೇ ದಿನ ತೆಗೆಸಿ, ಒಂದೆರಡು ಸಲ ನೀವೂ ಅವರ ಜೊತೆ ಹೋಗಿ ಬನ್ನಿ.

ರೋಗಿಯ ಕಡೆಯವರು ಗಲಾಟೆ ಮಾಡಿದಾಗ ಡ್ಯೂಟಿಯಲ್ಲಿದ್ದ ಸಿಸ್ಟರನ್ನು ಮುಂದೆ ತಳ್ಳಬೇಡಿ. ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಗೆ ಕರ್ನಾಟಕದಲ್ಲಿ 2009ರ ಕಾಯ್ದೆಯೇ ಇದೆ. ದೂರನ್ನು ಆಸ್ಪತ್ರೆ ಹೆಸರಿನಲ್ಲಿ ನೀವೇ ಬರೆದು ಠಾಣೆಗೆ ಹೋಗಿ. ಜನರ ಮುಂದೆ ಸಿಬ್ಬಂದಿಯನ್ನು ಬೈಯೋದೂ ಬೇಡ. ತಪ್ಪಿದ್ದರೆ ಬಾಗಿಲು ಹಾಕಿಕೊಂಡು ಹೇಳಿ.

ಸಿಬ್ಬಂದಿಯ ಶೌಚಾಲಯದ ಚಿಲಕ, ನೈಟ್ ಡ್ಯೂಟಿ ರೂಮಿನ ಫ್ಯಾನ್ ಇಂಥವನ್ನು ಆರೋಗ್ಯ ರಕ್ಷಾ ಸಮಿತಿ ಸಭೆಯಲ್ಲಿ ಇಟ್ಟು ಮಾಡಿಸಿ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡ್ತಿದ್ದರೆ 2013ರ ಕಾಯ್ದೆ ಪ್ರಕಾರ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಸುಮ್ನೆ ಕಾಗದದಲ್ಲಿ ಅಲ್ಲ, ಸದಸ್ಯರ ಹೆಸರು, ನಂಬರ್ ಗೋಡೆ ಮೇಲೆ.

ಇದೆಲ್ಲ ಕೆಲಸ ಮಾಡ್ತಿದೆಯಾ ಅಂತ ತಿಳಿಯಲು ಒಂದು ಚೀಟಿ ಡಬ್ಬಿ ಇಡಿ. ಹೆಸರು ಬೇಡ. 'ಈ ತಿಂಗಳು ಯಾವುದು ಅನ್ಯಾಯ ಅನ್ನಿಸಿತು?' ಎಂಬ ಒಂದೇ ಪ್ರಶ್ನೆ ಸಾಕು. ಡಬ್ಬಿಯನ್ನು ನಿಮ್ಮ ಚೇಂಬರ್ ಎದುರು ಇಟ್ಟರೆ ಖಾಲಿಯೇ ಇರುತ್ತದೆ, ಟೀ ಕುಡಿಯುವ ಜಾಗದಲ್ಲಿ ಇಡಿ. ಓದುವಾಗ ಅಕ್ಷರ ಯಾರದು ಅಂತ ಮಾತ್ರ ಹುಡುಕಬೇಡಿ.