ಮುಂಗಾಲಿನ ಗೊರಸುಗಳು ಎರಡು ತೆರನಾಗಿದ್ದಾಗ ಲಾಳ ಕಟ್ಟಿದ ನನ್ನ ಅನುಭವ

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಸೀಮೆಯಲ್ಲಿ ಮದುವೆ ಮೆರವಣಿಗೆಗೆಂದು ಸಾಕಿದ ಕುದುರೆಗಳಿಗೆ ಲಾಳ ಕಟ್ಟುವುದು ನನ್ನ ಕಸುಬು. ಒಂದು ಮುಂಗಾಲಿನ ಗೊರಸು ನೆಟ್ಟಗೆ, ಇಕ್ಕಟ್ಟಾಗಿ, ಹಿಮ್ಮಡಿ ಎತ್ತರವಾಗಿ ಬೆಳೆದು, ಇನ್ನೊಂದರದು ಚಪ್ಪಟೆಯಾಗಿ ಹರಡಿ ತುದಿ ಮುಂದಕ್ಕೆ ಚಾಚಿಕೊಂಡಿರುವ ಕುದುರೆಗಳು ನಮ್ಮಲ್ಲಿಗೆ ಆಗಾಗ ಬರುತ್ತವೆ. ಉದ್ದ ಕಾಲಿನ ಮರಿಗಳು ಮೇಯುವಾಗ ಸದಾ ಒಂದೇ ಕಾಲನ್ನು ಮುಂದಿಟ್ಟು ಇನ್ನೊಂದನ್ನು ಹಿಂದಕ್ಕೆಳೆದು ನಿಲ್ಲುವುದು ಇದಕ್ಕೆ ಒಂದು ಕಾರಣ. ಮುಂದಿಟ್ಟ ಕಾಲು ಚಪ್ಪಟೆಯಾಗುತ್ತದೆ, ಹಿಂದಿನದು ನೆಟ್ಟಗಾಗುತ್ತದೆ. ಹಳೆಯ ಪೆಟ್ಟು ಅಥವಾ ನೋವಿನಿಂದಲೂ ಹೀಗಾಗುವುದುಂಟು.

“ಎರಡೂ ಒಂದ ಸಮ ಕಾಣೂಹಂಗ ಕೆತ್ತ್ರಿ, ಮಾಮಾ” ಎಂದು ಮಾಲೀಕರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಳಗಿನ ಎಲುಬುಗಳ ಓರೆ ಎರಡೂ ಕಾಲುಗಳಲ್ಲಿ ಬೇರೆಬೇರೆಯಾಗಿರುವಾಗ ಗೊರಸಿನ ಹೊರಗಿನ ಗಟ್ಟಿ ಗೋಡೆಯನ್ನಷ್ಟೇ ಸರಿಗಟ್ಟಿದರೆ ಎಳೆತವೆಲ್ಲ ಕೀಲು ಮತ್ತು ಸ್ನಾಯುರಜ್ಜುಗಳ ಮೇಲೆ ಬೀಳುತ್ತದೆ.

ಕೆತ್ತುವ ಮೊದಲು ಕುದುರೆಯನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಪಕ್ಕದಿಂದ ನೋಡಿದಾಗ ಗೊರಸಿನ ಮುಂಗೋಡೆಯೂ ಅದರ ಮೇಲಿನ ಗಿಣ್ಣೂ ಒಂದೇ ನೇರದಲ್ಲಿವೆಯೇ ಎಂದು ಪ್ರತಿ ಕಾಲಿಗೂ ಬೇರೆಯಾಗಿ ಪರೀಕ್ಷಿಸುತ್ತೇನೆ. ಆಮೇಲೆ ನಡೆಸಿ, ಯಾವ ಭಾಗ ಮೊದಲು ನೆಲ ಮುಟ್ಟುತ್ತದೆಂದು ನೋಡುತ್ತೇನೆ.

ನೆಟ್ಟಗಿನ ಗೊರಸಿಗೆ ಹೆಚ್ಚು ತಾಳ್ಮೆ ಬೇಕು. ಎತ್ತರದ ಹಿಮ್ಮಡಿಯನ್ನು ಒಂದೇ ಸಲಕ್ಕೆ ಇಳಿಸಿದರೆ ಕಾಲಿನ ಹಿಂಬದಿಯ ಸ್ನಾಯುರಜ್ಜು ಬಿಗಿದು ಒಳಗಿನ ಎಲುಬನ್ನು ಹಿಂದಕ್ಕೆ ಜಗ್ಗುತ್ತದೆ, ತುದಿಯಲ್ಲಿ ಬಿಳಿಗೆರೆ (ಗೋಡೆಯೂ ಅಂಗಾಲೂ ಕೂಡುವ ಗೆರೆ) ಅಗಲವಾಗುತ್ತದೆ. ಅದಕ್ಕಾಗಿ ಅರದಿಂದ ಎರಡು-ಮೂರು ಮಿ.ಮೀ. ಮಾತ್ರ ಸವೆಸಿ, ಕಾಲನ್ನು ಕೆಳಗಿಟ್ಟು ನೋಡುತ್ತೇನೆ. ಕುದುರೆ ಮೈಭಾರ ಹಾಕಿ ನಿಂತಾಗಲೂ ಹಿಮ್ಮಡಿ ನೆಲದಿಂದ ಮೇಲೆದ್ದರೆ ಅಲ್ಲಿಗೇ ನಿಲ್ಲಿಸಬೇಕು. ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿ.ಮೀ. ಬೆಳೆಯುವುದರಿಂದ ಉಳಿದ ಕೆಲಸವನ್ನು ಮುಂದಿನ ಸರದಿಗಳಿಗೆ ಹಂಚಬಹುದು.

ಚಪ್ಪಟೆ ಗೊರಸಿನಲ್ಲಿ ಅಂಗಾಲು ತೆಳುವಾಗಿರುವುದರಿಂದ ಅಲ್ಲಿಗೆ ಚಾಕು ತಾಗಿಸುವುದಿಲ್ಲ. ಮುಂದೆ ಚಾಚಿದ ತುದಿಯನ್ನು ಅರದಿಂದ ಹಿಂದಕ್ಕೆ ತಂದು, ಮುಂದಕ್ಕೆ ಮಡಚಿಕೊಂಡ ಹಿಮ್ಮಡಿಗೆ ಆಸರೆಯಾಗುವಂತೆ ಲಾಳದ ಹಿಂದಿನ ಕೊನೆಗಳನ್ನು ಸ್ವಲ್ಪ ಉದ್ದ ಬಿಡುತ್ತೇನೆ. ಎತ್ತರ ಸರಿದೂಗಿಸಲೆಂದು ಈ ಹಿಮ್ಮಡಿಯಡಿ ಬೆಣೆಯಿಡುವ ರೂಢಿ ನನಗೆ ಒಪ್ಪಿಗೆಯಿಲ್ಲ; ಮೊದಲೇ ಕುಸಿದ ಹಿಮ್ಮಡಿ ಬೆಣೆಯ ಒತ್ತಡಕ್ಕೆ ಇನ್ನಷ್ಟು ನಜ್ಜುಗುಜ್ಜಾಗುತ್ತದೆ. ಎರಡೂ ಲಾಳಗಳ ಮುಂದಿನ ಅಂಚನ್ನು ಉರುಟು ಮಾಡಿದರೆ ಕುದುರೆ ಹೆಜ್ಜೆ ಎತ್ತುವುದು ಹಗುರವಾಗುತ್ತದೆ. ಮೊಳೆಗಳನ್ನು ಗೊರಸಿನ ಅತಿ ಅಗಲವಾದ ಜಾಗದಿಂದ ಮುಂದಕ್ಕೇ ಹೊಡೆಯುತ್ತೇನೆ, ಹಿಂಭಾಗ ಹಿಗ್ಗಲು ಬಿಡುವಿರಬೇಕು.

ಇಂಥ ಕುದುರೆಗೆ ನಾಲ್ಕರಿಂದ ಐದು ವಾರಕ್ಕೊಮ್ಮೆ ಲಾಳ ಬಿಚ್ಚಿ ಕೆತ್ತಲೇಬೇಕು; ತಡವಾದಷ್ಟೂ ಒಂದರ ಹಿಮ್ಮಡಿ, ಇನ್ನೊಂದರ ತುದಿ ಮತ್ತೆ ಬೆಳೆದು ಅಂತರ ಹೆಚ್ಚುತ್ತದೆ. ನೆಟ್ಟಗಿನ ಗೊರಸು ಕೆಲವೇ ವಾರಗಳಲ್ಲಿ ಇನ್ನೂ ನೆಟ್ಟಗಾದರೆ ಅಥವಾ ಮುಟ್ಟಿದಾಗ ಬಿಸಿಯೆನಿಸಿದರೆ, ಪಶುವೈದ್ಯರು ಕ್ಷಕಿರಣ ತೆಗೆಸಿ ನೋಡುವವರೆಗೆ ನಾನು ಅರ ಹಿಡಿಯುವುದಿಲ್ಲ.