ಹಳೇ ಮೆಟಡಾರ್ ಬಾಗಿಲಿಗೆ ಹೊಸ ಬೀಡಿಂಗ್ ಹಾಕೋರಿಗೆ

ಮಳೆಗಾಲಕ್ಕೆ ಮುಂಚೆ ಬಾಗಿಲಿನ ರಬ್ಬರ್ ಬೀಡಿಂಗ್ ಒಮ್ಮೆ ನೋಡಿಬಿಡಿ. ಸಂದಿಗೆ 10 ರೂಪಾಯಿ ನೋಟಿಟ್ಟು, ಬಾಗಿಲು ಮುಚ್ಚಿ ಎಳೆಯಿರಿ; ಸಲೀಸಾಗಿ ಬಂದರೆ ಅಲ್ಲಿ ನೀರು ಇಳಿಯುತ್ತೆ ಅಂತಲೇ ಲೆಕ್ಕ.

ಹೊಸದು ತರಲು ಬೆಂಗಳೂರಿನ ಜೆ.ಸಿ. ರೋಡಿನ ಗಾಡಿ ಬಿಡಿಭಾಗದ ಅಂಗಡಿಗಳಿಗೆ ಹೋಗುವಾಗ ಹಳೇ ಬೀಡಿಂಗಿನ ತುಂಡೊಂದನ್ನು ಕತ್ತರಿಸಿ ಒಯ್ಯಿರಿ, ಬಾಯಲ್ಲಿ ಹೇಳಿದರೆ ಸರಿಯಾದ ಅಳತೆ ಸಿಗಲ್ಲ. ಇಪಿಡಿಎಂ (EPDM) ಅನ್ನೋ ಸಿಂಥೆಟಿಕ್ ರಬ್ಬರನ್ನೇ ಕೇಳಿ, ಬಿಸಿಲಿಗೆ ಬೇಗ ಬಿರುಕು ಬಿಡಲ್ಲ.

ಹಳೇ ಗಮ್ ಪೂರ್ತಿ ಕೆರೆದು, ತುಕ್ಕು ಕಂಡ ಕಡೆ ಉಜ್ಜಿ, ಪ್ರೈಮರ್ ಹೊಡೆದು ಒಣಗಲು ಬಿಡಿ. ಇಲ್ಲಿ ಅವಸರ ಬೇಡವೇ ಬೇಡ, ತುಕ್ಕಿನ ಮೇಲೆ ಗಮ್ ನಿಲ್ಲಲ್ಲ. ಕೂರಿಸುವಾಗ ಬೀಡಿಂಗನ್ನು ಎಳೀಬೇಡಿ, ಆಮೇಲೆ ಕುಗ್ಗಿ ಮೂಲೆಗಳಲ್ಲಿ ಬಿಟ್ಟುಕೊಳ್ಳುತ್ತೆ. ಜಾಯಿಂಟ್ ಕೆಳಗಡೆ ಬರಲಿ.

ಗ್ರೀಸ್, ಎಂಜಿನ್ ಆಯಿಲ್ ಸವರಬೇಡಿ, ಇಪಿಡಿಎಂ ಊದಿಕೊಳ್ಳುತ್ತೆ. ಸಿಲಿಕೋನ್ ಸ್ಪ್ರೇ ಸಾಕು.