ದಕ್ಷಿಣಕ್ಕೆ ತಿರುಗಿದ ಪ್ಯಾನೆಲ್, ಕೈಕೊಟ್ಟ ಬೋರಿಂಗ್

ಮೊದಲ ದಿನವೇ ಸೋಲಾರ್ ಪ್ಯಾನೆಲನ್ನು ತಪ್ಪು ದಿಕ್ಕಿಗೆ ಕೂರಿಸಿದ್ದೆ. ತುಮಕೂರಿನಲ್ಲಿ ಓದುವಾಗ ಎಷ್ಟೋ ಪ್ಯಾನೆಲ್ ಕೂರಿಸಿದ ಕೈ, ಯೋಚನೆ ಮಾಡದೆ ದಕ್ಷಿಣಕ್ಕೇ ತಿರುಗಿಸಿತು. ಆದರೆ ನಾನಿದ್ದದ್ದು ಆಫ್ರಿಕಾದ ಜಾಂಬಿಯಾದಲ್ಲಿ, ಭೂಮಧ್ಯರೇಖೆಯಿಂದ ಸುಮಾರು 17 ಡಿಗ್ರಿ ದಕ್ಷಿಣಕ್ಕೆ. ಜೂನ್‌ನಲ್ಲಿ ಅಲ್ಲಿ ನಡುಮಧ್ಯಾಹ್ನವೂ ಸೂರ್ಯ ಉತ್ತರಕ್ಕೆ ವಾಲಿಕೊಂಡೇ ಇರುತ್ತಾನೆ. ಎರಡು ದಿನ ಬ್ಯಾಟರಿ ತುಂಬಲೇ ಇಲ್ಲ. ವೈರು, ಕಂಟ್ರೋಲರ್ ಎಲ್ಲಾ ಬಿಚ್ಚಿ ನೋಡಿದೆವು. ಶಾಲೆಯ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ನೆ ನೋಡಿ, "ನಿಮ್ಮ ಪ್ಯಾನೆಲ್ ನೆರಳು ಬೀಳೋ ಕಡೆ ಮುಖ ಮಾಡಿದೆಯಲ್ಲ?" ಅಂದರು. ಆಮೇಲೆ ಲೆಕ್ಕ ಹಾಕಿದರೆ, ಮಧ್ಯಾಹ್ನದ ಬಿಸಿಲಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕಳೆದುಕೊಳ್ಳುತ್ತಿದ್ದೆವು.

ನಾವು ಐದು ಜನ, ಇಂಗ್ಲೆಂಡಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದವರು. ಚೋಮಾ ಪಟ್ಟಣದಿಂದ ಮಣ್ಣುರಸ್ತೆಯಲ್ಲಿ ಹೋದರೆ ಸಿಗುವ, ಟೋಂಗಾ ಮಾತಾಡುವ ಜನರ ಹಳ್ಳಿ ಅದು. ಶಾಲೆಯ ಹತ್ತಿರ ಮೊಬೈಲ್ ಸಿಗ್ನಲ್ ಇತ್ತು. 6 ಕಿಲೋಮೀಟರ್ ಆಚೆ ಆರೋಗ್ಯ ಕೇಂದ್ರದಲ್ಲಿ ಇರಲಿಲ್ಲ. ನರ್ಸಮ್ಮ ಫೋನ್ ಮಾಡಬೇಕೆಂದರೆ ಹಿತ್ತಲಿನ ಹುತ್ತ ಹತ್ತಬೇಕಿತ್ತು. ನಮ್ಮೂರಿನ ಹುತ್ತದಂಥದ್ದಲ್ಲ, ಎರಡಾಳೆತ್ತರದ್ದು. ನಮ್ಮಲ್ಲಾದರೆ ಹಾಲೆರೆದು ಕೈಮುಗಿಯುತ್ತಿದ್ದೆವು, ಅಲ್ವಾ? ಅಲ್ಲಿ ಅದೇ ಟವರ್.

ಶಾಲೆಯಿಂದ ಕೇಂದ್ರಕ್ಕೆ 5.8 ಗಿಗಾಹರ್ಟ್ಸ್ ವೈಫೈ ಲಿಂಕ್ ಕೊಡುವುದು ನಮ್ಮ ಕೆಲಸ. ಪ್ಯಾನೆಲ್, ಬ್ಯಾಟರಿ ಎಲ್ಲಾ ಅದಕ್ಕೆ ಕರೆಂಟ್ ಕೊಡಲಿಕ್ಕೇ. ಹುತ್ತದ ಮೇಲಿಂದ ಶಾಲೆಯ ಮಾಡು ಕಾಣುತ್ತಿತ್ತು, ಅಷ್ಟೇ ಸಾಕು ಅಂದುಕೊಂಡೆವು. ಕಣ್ಣಿಗೆ ಕಂಡರೆ ಸಾಲದು. ಅಷ್ಟು ದೂರಕ್ಕೆ ನಡುದಾರಿಯಲ್ಲಿ ರೇಡಿಯೋ ಅಲೆ ನೇರಗೆರೆಯ ಸುತ್ತ 9 ಮೀಟರಿನಷ್ಟು ಹರಡಿಕೊಳ್ಳುತ್ತದೆ. ಅದರಲ್ಲಿ 5 ಮೀಟರಾದರೂ ಖಾಲಿ ಇರಬೇಕು. ನಮಗೆ ಅಡ್ಡ ಬಂದದ್ದು ಮಾವಿನ ಮರಗಳು. ಕಡಿಯೋಣ ಅನ್ನುವ ಮಾತು ಯಾರ ಬಾಯಲ್ಲೂ ಬರಲಿಲ್ಲ, ಬರಲೂಬಾರದು. ಜಿಐ ಪೈಪು ಜೋಡಿಸಿ, ಸ್ಟೇ ವೈರ್ ಬಿಗಿದು, ಕಂಬವನ್ನೇ ಎತ್ತರ ಮಾಡಿದೆವು.

ಕಂಬ ನೋಡಲು ಬಂದ ಹೆಂಗಸರು ಮಾತ್ರ ಕೇಳಿದ್ದು ಒಂದೇ: ಪಂಪು ಯಾವಾಗ ರಿಪೇರಿ ಮಾಡ್ತೀರಿ? ಕೇಂದ್ರದ ಅಂಗಳದಲ್ಲೇ ಇತ್ತು. ಹೋಗಿ ನೋಡಿದರೆ, ಅರೆ, ನಮ್ಮೂರ ಬೋರಿಂಗ್! ಇಂಡಿಯಾ ಮಾರ್ಕ್ 2 ಅನ್ನುವ ಕೈಪಂಪು. ಸೊಲ್ಲಾಪುರದ ಪಂಪನ್ನು ತಿದ್ದಿ 1970ರ ದಶಕದಲ್ಲಿ ನಮ್ಮ ದೇಶದಲ್ಲಿ ಮಾಡಿದ್ದು, ಜಾಂಬಿಯಾದ ಹಳ್ಳಿಗಳಲ್ಲೂ ಬೇಕಾದಷ್ಟಿವೆ. ಚಿಕ್ಕಂದಿನಲ್ಲಿ ಅದರ ಹಿಡಿಗೆ ಜೋತುಬಿದ್ದು ಆಡಿದವನು ನಾನು. ಒಳಗೇನಿದೆ ಅಂತ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಊರಿನ ಪಂಪ್ ಮೆಕ್ಯಾನಿಕ್‌ಗೆ. ನಾಲ್ಕು ಸಲ ಹಿಡಿ ಒತ್ತಿ, ಪೈಪಿಗೆ ಕಿವಿಕೊಟ್ಟು, "ವಾಷರ್" ಅಂದ. ಅಂಗೈಯಲ್ಲಿ ಹಿಡಿಸುವ ಆ ವಾಷರ್‌ಗಾಗಿ 3 ಮೀಟರ್ ಉದ್ದದ ಕಬ್ಬಿಣದ ಪೈಪುಗಳನ್ನು ಒಂದೊಂದಾಗಿ ಮೇಲೆತ್ತಿ ಬಿಚ್ಚಬೇಕು. ಕ್ಲ್ಯಾಂಪ್ ಸಡಿಲವಾದರೆ ಅಷ್ಟೂ ಪೈಪು ಬಾವಿಯೊಳಕ್ಕೆ. ಐದನೇ ಪೈಪಿಗೇ ನನ್ನ ಅಂಗೈ ಬೊಬ್ಬೆ ಎದ್ದಿತ್ತು. ಅವನು ಕ್ಲ್ಯಾಂಪ್ ಬಿಟ್ಟು ಕದಲಲಿಲ್ಲ.

ಹೊಸ ವಾಷರ್ ಊರಲ್ಲಿರಲಿಲ್ಲ. ಹಿಂದಿನ ದಿನವಷ್ಟೇ ಲಿಂಕ್ ಶುರುವಾಗಿತ್ತು. ಮೆಕ್ಯಾನಿಕ್ ಹಳೇ ವಾಷರ್ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆದು, ಅಲ್ಲೇ ನಿಂತು ಚೋಮಾದ ಅಂಗಡಿಗೆ ವಾಟ್ಸಾಪ್ ಮಾಡಿದ. ಮಾರನೇ ಸಂಜೆ ಮಿನಿಬಸ್ಸಿನಲ್ಲಿ ಪೊಟ್ಟಣ ಬಂತು. ಒಂದರ ಬದಲು ನಾಲ್ಕು ತರಿಸಿದ್ದ. ಉಳಿದ ಮೂರನ್ನು ನಮ್ಮ ಬ್ಯಾಟರಿ ಪೆಟ್ಟಿಗೆಯೊಳಗೇ ಇಟ್ಟು ಬೀಗ ಜಡಿದು, ಕೀಲಿಯನ್ನು ನರ್ಸಮ್ಮನ ಕೈಗೆ ಕೊಟ್ಟ.